ಖಾಲಿ ಬಿಟ್ಟ ಕಾಲಂ

ಬೀರುವಿನ ಬಾಗಿಲು ತೆರೆದಾಗ ಒಳಗಿದ್ದದ್ದು ನುಸಿಗುಳಿಗೆಯ ವಾಸನೆ ಮಾತ್ರ.

ದೀಪಿಕ ಕೀಲಿ ಹಿಡಿದುಕೊಂಡೇ ನಿಂತಳು. ಮೇಲಿನ ಖಾನೆ ಖಾಲಿ. ನಡುವಿನ ಖಾನೆ ಖಾಲಿ. ಕೆಳಗೆ ಪ್ರಿಂಟರ್ ಹಾಳೆಯ ಒಂದು ಬಂಡಲ್ಲು, ಅಷ್ಟೆ. ಎರಡು ವರ್ಷ ಮಳವಳ್ಳಿ ತಾಲ್ಲೂಕಿನ ಕುರಿಹಟ್ಟಿಗಳನ್ನು ಸುತ್ತಿ, ಕುರಿ ಸಾಕುವವರ ಒಂದೊಂದು ಮಾತನ್ನೂ ಬರೆದಿಟ್ಟ ಕೆಂಪು ರಟ್ಟಿನ ಪುಸ್ತಕಗಳು ಒಂದೂ ಇರಲಿಲ್ಲ. ಬೀಗ ನೆಟ್ಟಗಿತ್ತು. ಯಾರೂ ಮೀಟಿರಲಿಲ್ಲ.

"ಸಾರ್! ನನ್ನ ಪುಸ್ತಕ ಎಲ್ಲಾ ಹೋಗಿವೆ!"

ಅವಳ ಕೂಗಿಗೆ ಮೊದಲು ಓಡಿ ಬಂದವನು ಅಟೆಂಡರ್ ಹುಚ್ಚೀರಯ್ಯ. ಆಮೇಲೆ ಬಂದವರು ನಿರ್ದೇಶಕ ಡಾಕ್ಟರ್ ರಾಜೇಂದ್ರ. ಖಾಲಿ ಬೀರು ನೋಡಿದರು. ಹುಚ್ಚೀರಯ್ಯನನ್ನು ನೋಡಿದರು. ಒಂದು ಮಾತೂ ಆಡದೆ ತಮ್ಮ ಕೋಣೆಗೆ ಹೋದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಮಂಡ್ಯದ ಗುತ್ತಲು ರಸ್ತೆಯ ಬಾಡಿಗೆ ಕಟ್ಟಡದಲ್ಲಿದ್ದ 'ಏಷ್ಯಾ-ಆಫ್ರಿಕಾ ಸಮಾಜ ಅಧ್ಯಯನ ಕೇಂದ್ರ'ಕ್ಕೆ ಅವತ್ತು ಹಬ್ಬ. ಬಂಡೂರು ಸೀಮೆಯಲ್ಲಿ ಕುರಿ ಸಾಕುವವರು, ಕೀನ್ಯಾದಲ್ಲಿ ದನ ಸಾಕುವವರು, ಇಬ್ಬರ ಬದುಕನ್ನೂ ಅಕ್ಕಪಕ್ಕ ಇಟ್ಟು ಬರೆದ ವರದಿ ಮಧ್ಯಾಹ್ನ ಮೂರಕ್ಕೆ ಬಿಡುಗಡೆಯಾಗಬೇಕಿತ್ತು.

ಪೊಲೀಸರು ಬೇಡ ಎಂದು ರಾಜೇಂದ್ರ ಹೇಳಿಕಳಿಸುವಷ್ಟರಲ್ಲಿ ದೀಪಿಕ ಒಂದು ಒಂದು ಎರಡಕ್ಕೆ ಫೋನ್ ಮಾಡಿಯಾಗಿತ್ತು.

* * *

ಹೆಡ್ ಕಾನ್‌ಸ್ಟೆಬಲ್ ನಾಗರತ್ನ ಬಂದದ್ದು ಸ್ಕೂಟರಿನಲ್ಲಿ, ಒಬ್ಬಳೇ. ಪುಸ್ತಕ ಕಳುವಾಗಿದೆ ಎಂದರೆ ಠಾಣೆಯಿಂದ ಜೀಪು ಹೊರಡುವುದಿಲ್ಲ.

"ಏನಮ್ಮ, ಒಬ್ಬರೇ ಬಂದ್ರಾ? ಸಬ್ ಇನ್‌ಸ್ಪೆಕ್ಟರ್ ಇಲ್ವಾ?" ರಾಜೇಂದ್ರ ಕನ್ನಡಕದ ಮೇಲಿಂದ ನೋಡಿದರು.

"ಬಂದೋಬಸ್ತಿಗೆ ಹೋಗಿದಾರೆ ಸಾರ್. ಪುಸ್ತಕಕ್ಕೆ ನಾನು ಸಾಕು."

"ಯಾವೂರಮ್ಮ ನಿಮ್ಮದು?"

"ಬಂಡೂರಿನ ಹತ್ರ ಸಾರ್. ಮಳವಳ್ಳಿ ತಾಲ್ಲೂಕು."

"ಓ! ನಮ್ಮ ಫೀಲ್ಡು!" ಎಂದು ಅವರು ನಕ್ಕರು.

ನಾಗರತ್ನಳಿಗೆ ಕಿವಿಯ ಹಿಂದೆ ಬಿಸಿಯಾಯಿತು. ಅವಳು ಹುಟ್ಟಿದ ಊರು, ಅವಳ ಅಜ್ಜಿಯನ್ನು ಮಣ್ಣು ಮಾಡಿದ ಊರು, ಇವರಿಗೆ ಫೀಲ್ಡು. ಅವಳು ಕೋಪ ಬಂದಾಗ ಕೂಗುವವಳಲ್ಲ. ಪೆನ್ನಿನ ಮುಚ್ಚಳ ತೆಗೆಯುವವಳು. ತೆಗೆದಳು.

"ಬೀರು ಕೀಲಿ ಯಾರ್ಯಾರ ಹತ್ರ ಇದೆ ಸಾರ್?"

"ನಾಲ್ಕು ಜನರ ಹತ್ತಿರ. ನಾನು, ಸಂಯೋಜಕ ಶಶಿಧರ್, ದೀಪಿಕ, ಅಟೆಂಡರ್ ಹುಚ್ಚೀರಯ್ಯ. ಆದರೆ ನೀವು ಹೆಚ್ಚು ತಲೆ ಕೆಡಿಸ್ಕೊಳ್ಳಬೇಡಿ. ಶನಿವಾರ ಮಧ್ಯಾಹ್ನ ಹಳೇ ಪೇಪರು ಗುಜರಿಗೆ ಹಾಕು ಅಂತ ಹುಚ್ಚೀರಯ್ಯನಿಗೆ ಹೇಳಿದ್ದೆ. ಪುಸ್ತಕಾನೂ ಜೊತೆಗೆ ಕಟ್ಟಿ ಹಾಕಿದಾನೆ. ಓದು ಬರಹ ಅಷ್ಟಕ್ಕಷ್ಟೆ, ಪಾಪ. ಅವನ ಮೇಲೆ ಕೇಸು ಹಾಕೋಕೆ ನನಗೆ ಇಷ್ಟ ಇಲ್ಲ. ಇದಕ್ಕೊಂದು ಸೈನ್ ಹಾಕಿ ಮರ್ಯಾದೆಯಾಗಿ ಹೋಗಲಿ."

ಅವರು ಮೇಜಿನ ಮೇಲಿಂದ ಒಂದು ಹಾಳೆ ಸರಿಸಿದರು. ನೀಟಾಗಿ ಟೈಪಾಗಿತ್ತು.

'ಹುಚ್ಚೀರಯ್ಯ ಆದ ನಾನು ಶನಿವಾರ ಮಧ್ಯಾಹ್ನ ಹಳೆಯ ಪತ್ರಿಕೆಗಳ ಜೊತೆ ಕೇಂದ್ರದ ಹದಿಮೂರು ಪುಸ್ತಕಗಳನ್ನು ಅಜಾಗರೂಕತೆಯಿಂದ ಗುಜರಿಗೆ ಹಾಕಿರುತ್ತೇನೆ. ಇದಕ್ಕೆ ನಾನೊಬ್ಬನೇ ಹೊಣೆ. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.' ಕೆಳಗೆ ಸಹಿಗೆ ಒಂದು ಗೆರೆ.

"ಚೆನ್ನಾಗಿ ಬರ್ದವ್ರೆ ಸಾರ್. ಯಾರು ಬರ್ದಿದ್ದು?"

"ನಾನೇ. ಈಗ ತಾನೇ ಕೂತು ಟೈಪ್ ಮಾಡಿದೆ. ಅವನಿಗೂ ಅರ್ಥ ಆಗ್ಲಿ ಅಂತ ಸರಳವಾಗಿ."

ನಾಗರತ್ನ ಗಡಿಯಾರ ನೋಡಿದಳು. ಹನ್ನೊಂದೂ ಆಗಿರಲಿಲ್ಲ. ಕಳುವು ತಿಳಿದು ಒಂದು ಗಂಟೆ ಕಳೆದಿಲ್ಲ. ಹುಚ್ಚೀರಯ್ಯನನ್ನು ಒಂದು ಮಾತೂ ಕೇಳಿಲ್ಲ. ಅವನ ತಪ್ಪೊಪ್ಪಿಗೆ ಆಗಲೇ ಸಿದ್ಧ.

ಕೀಲಿ ನಾಲ್ವರ ಹತ್ತಿರ. ಅನುಮಾನ ಒಬ್ಬನ ಮೇಲೆ.

"ಮೂರು ಗಂಟೆಯೊಳಗೆ ಸೈನ್ ಆಗ್ಬೇಕು," ಎಂದರು ರಾಜೇಂದ್ರ. "ಮೂಲ ಪುಸ್ತಕ ಎಲ್ಲಿ ಅಂತ ಅತಿಥಿಗಳು ಕೇಳ್ತಾರೆ, ಅವರ ಎದುರು ನಾನು ಇದನ್ನ ಓದಿ ಹೇಳ್ಬೇಕಾಗುತ್ತೆ. ಪುಸ್ತಕ ಹೋದ್ರೂ ಮಾಹಿತಿಯೆಲ್ಲ ಕಂಪ್ಯೂಟರಲ್ಲಿ ಭದ್ರವಾಗಿದೆ, ಭಯ ಇಲ್ಲ."

* * *

ಹುಚ್ಚೀರಯ್ಯ ಹಿಂದಿನ ಜಗುಲಿಯಲ್ಲಿ ಕಪ್ಪು ತೊಳೆಯುತ್ತಿದ್ದ. ಐವತ್ತೆಂಟು ದಾಟಿದ ಮನುಷ್ಯ. ಹತ್ತೊಂಬತ್ತು ವರ್ಷದಿಂದ ಇಲ್ಲೇ. ಒಂದೇ ಕಪ್ಪನ್ನು ಮೂರು ಸಲ ತೊಳೆದ.

"ಅಣ್ಣಾ, ಆ ಕಾಗ್ದಕ್ಕೆ ಸೈನ್ ಹಾಕ್ತೀಯಾ?"

"ಆಕ್ಬುಟ್ರೆ ಕೇಸಿಲ್ಲ ಅಂತವ್ರೆ ಕಣವ್ವ."

"ಪುಸ್ತಕ ಗುಜರಿಗೆ ಹಾಕಿದ್ಯಾ?"

ಅವನು ತಲೆಯೆತ್ತಿದ. "ಆ ಪುಸ್ತಕ್ದಲ್ಲಿ ಇರೋದು ಯಾರ ಮಾತವ್ವ? ನಮ್ಮ ಬಾವಂದು, ನಮ್ಮ ಚಿಕ್ಕವ್ವಂದು. ಆ ಎಣ್ಮಗೀನ ಅಟ್ಟಿ ಅಟ್ಟಿಗೂ ಕರ್ಕೊಂಡೋಗಿ, ಇವ್ಳು ನಮ್ಮೋಳು ಮಾತಾಡ್ರಪ್ಪಾ ಅಂದೋನು ನಾನು. ನಾನೇ ತಗೊಂಡೋಗಿ ಗುಜ್ರಿಗೆ ಆಕಾನಾ?"

"ಮತ್ತೆ ಸೈನ್ ಯಾಕೆ ಹಾಕ್ತೀಯಾ?"

"ಕೇಸಾದ್ರೆ ಊರ್ಗೆಲ್ಲಾ ತಿಳೀತದೆ. ನಮ್ಮಟ್ಟಿಲಿ ನನ್ನ ಕಳ್ಳ ಅಂದ್ರೆ, ಆ ಬಾಗ್ಲಿಗೆ ನಾನು ಇನ್ನೆಂಗವ್ವ ಓಗ್ಲಿ?"

ಶನಿವಾರ ಅರ್ಧ ದಿನ. ಗುಜರಿಗೆ ಪೇಪರು ಕೊಟ್ಟು, ಎರಡೂವರೆ ಬಸ್ಸಿಗೆ ಮಳವಳ್ಳಿ ಕಡೆ ಹೊರಟವನು, ಇವತ್ತು ಬೆಳಿಗ್ಗೆ ವಾಪಸ್ಸು ಬಂದಿದ್ದ.

"ಮೂರು ಗಂಟೆ ತನಕ ಪೆನ್ನು ಮುಟ್ಬೇಡ," ಎಂದಳು ನಾಗರತ್ನ. "ಯಾರು ಹೇಳಿದ್ರೂ ಸರಿಯೆ."

* * *

ಗುಜರಿ ಅಂಗಡಿ ಸಿದ್ದರಾಜು ಹಳೇ ಕುಕ್ಕರೊಂದರ ಹಿಡಿ ಕಳಚುತ್ತಿದ್ದ.

"ರಟ್ಟಿನ ಪುಸ್ತಕವಾ? ಇಲ್ಲ ಕಣಕ್ಕ. ರಟ್ಟು ಬೇರೆ, ಹಾಳೆ ಬೇರೆ ಮಾಡ್ದೆ ಫ್ಯಾಕ್ಟ್ರಿಯೋರು ಮುಟ್ಟಲ್ಲ. ಬಂದಿದ್ರೆ ನಾನೇ ಕೂತು ಕೀಳ್ಬೇಕಿತ್ತು. ನೆನಪಿರ್ತಿತ್ತು, ನಡ ನೋಯ್ತಿತ್ತಲ್ಲಾ!"

"ಹುಚ್ಚೀರಯ್ಯ ಕೊಟ್ಟ ಕಟ್ಟು ಎಲ್ಲಿ?"

"ಅಗೋ, ಅಲ್ಲವೆ. ನಾಳೆ ಲಾರಿ ಬರೋದು. ಬಿಚ್ಚೂ ಇಲ್ಲ."

ಏಳು ಕಟ್ಟು. ಸೆಣಬಿನ ಹುರಿಯ ಒಂದೇ ಥರದ ಗಂಟು. ನಾಗರತ್ನ ಒಂದೊಂದನ್ನೂ ಬಿಚ್ಚಿಸಿದಳು. ದಿನಪತ್ರಿಕೆ. ಬರೀ ದಿನಪತ್ರಿಕೆ.

ಸಮಾಧಾನದಿಂದ ವಾಪಸ್ಸು ಬಂದು ಹೇಳಿದಳು. ರಾಜೇಂದ್ರ ಕುರ್ಚಿಗೆ ಒರಗಿಕೊಂಡರು.

"ಹಾಗಾದ್ರೆ ಅಜಾಗರೂಕತೆ ಅಲ್ಲ. ಕಳ್ಳತನ. ಬೇರೆ ಎಲ್ಲೋ ಸಾಗಿಸಿದಾನೆ. ನಾನು ಉಪಕಾರ ಮಾಡೋಕೆ ಹೋದೆ, ನೀವು ಅವನನ್ನ ಜೈಲಿಗೆ ಕಳಿಸ್ತಾ ಇದೀರಿ. ಮೂರು ಗಂಟೆಗೆ ಸೈನ್, ಇಲ್ಲ ಕಂಪ್ಲೇಂಟು. ಅವನಿಗೆ ನೀವೇ ಹೇಳಿ, ನಿಮ್ಮ ಕಡೆಯವನು."

ನಿಮ್ಮ ಕಡೆಯವನು. ನಾಗರತ್ನ ಆ ಮಾತನ್ನೂ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಪೆನ್ನು ಹಾಳೆಯನ್ನು ಸ್ವಲ್ಪ ಹರಿಯಿತು.

* * *

ದೀಪಿಕಳ ಕಣ್ಣು ಊದಿತ್ತು. ನಾಗರತ್ನ ಅವಳನ್ನು ಖಾಲಿ ಬೀರುವಿನ ಮುಂದೆಯೇ ಕೂರಿಸಿದಳು. ಸ್ಟಾಕ್ ರಿಜಿಸ್ಟರ್ ತೆಗೆದಳು.

"ಎಷ್ಟು ಪುಸ್ತಕ ಇದ್ವಮ್ಮ?"

"ರಿಜಿಸ್ಟರಲ್ಲಿ ಹನ್ನೆರಡಿದೆ ಮೇಡಂ. ನಿಜವಾಗಿ ಹದಿಮೂರು."

"ಅದು ಹೆಂಗೆ?"

"ಕೊನೇ ಪುಸ್ತಕ ನನ್ನ ಹತ್ರಾನೇ ಇತ್ತು. ಶನಿವಾರ ಬಂಡೂರಿಂದ ಬಂದವಳು ಸಂಜೆ ಐದೂವರೆಗೆ ಇಟ್ಟು ಹೋದೆ. ಇಲ್ಲಿ ಯಾರೂ ಇರ್ಲಿಲ್ಲ. ಇವತ್ತು ರಿಜಿಸ್ಟರಿಗೆ ಬರೀಬೇಕಿತ್ತು."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಮೇಡಂ. ಯಾರಿಗೂ ಇಲ್ಲ."

ನಾಗರತ್ನಳ ಪೆನ್ನು ಒಂದು ಕ್ಷಣ ನಿಂತಿತು. "ಇನ್ನು ಮುಂದೂ ಯಾರಿಗೂ ಹೇಳ್ಬೇಡ," ಎಂದಳು. "ಸರಿ, ಆ ಪುಸ್ತಕ್ದಲ್ಲಿ ಅಂಥಾದ್ದು ಏನಿತ್ತು? ಕದಿಯೋ ಅಂಥಾದ್ದು?"

"ಜನರ ಮಾತು, ಅಷ್ಟೆ. ಅದನ್ನೇ ಆಧಾರ ಇಟ್ಕೊಂಡು ಸರ್ ವರದಿ ಬರೆದಿರೋದು. ನಾನಿನ್ನೂ ಓದಿಲ್ಲ. ಪ್ರಿಂಟಿಗೆ ಹೋಗೋ ಮುಂಚೆ ನನಗೆ ತೋರಿಸ್ಲಿಲ್ಲ."

ಮೇಜಿನ ಮೇಲೆ ಬಿಡುಗಡೆಗೆ ರಟ್ಟು ಕಟ್ಟಿದ ವರದಿಗಳ ರಾಶಿ. ನಾಗರತ್ನ ಒಂದನ್ನು ಎತ್ತಿಕೊಂಡಳು. ಕನ್ನಡ, ಇಂಗ್ಲಿಷು ಎರಡರಲ್ಲೂ ಇತ್ತು. ಮೊದಲ ಪುಟದಲ್ಲಿ ಕೃತಜ್ಞತೆ: ಮಂತ್ರಿಗಳಿಗೆ, ಮುದ್ರಕರಿಗೆ, ಕಾರಿನ ಡ್ರೈವರಿಗೆ. ಹುಚ್ಚೀರಯ್ಯನ ಹೆಸರಿರಲಿಲ್ಲ. ಪುಟ ಮಗುಚಿದಳು. ಕೋಷ್ಟಕ ನಾಲ್ಕು. ಬಂಡೂರು ಸೀಮೆ. ಕುಟುಂಬದ ಹೆಸರು, ಕುರಿಗಳ ಸಂಖ್ಯೆ. ಜವರಯ್ಯ, ಮೂವತ್ತೆರಡು. ಮರಿಸಿದ್ದಯ್ಯ, ಹತ್ತೊಂಬತ್ತು. ಹೀಗೆ ನೂರಿಪ್ಪತ್ತು ಮನೆ. ಒಂದು ಮನೆಯ ಮುಂದೂ ಕಾಲಂ ಖಾಲಿಯಿಲ್ಲ.

ಅವಳಿಗೆ ಏಳು ವರ್ಷದವಳಾಗಿದ್ದಾಗಿನ ಒಂದು ಏಟು ನೆನಪಾಯಿತು. ಹಟ್ಟಿಯೊಳಗೆ ಕೂತು ಒಂದು, ಎರಡು, ಮೂರು ಎಂದು ಮರಿಗಳತ್ತ ಬೆರಳು ತೋರಿಸುತ್ತಿದ್ದಳು. ಅಜ್ಜಿ ಚಿಕ್ಕನಂಜಮ್ಮ ಹಿಂದಿನಿಂದ ಬಂದು ಬೆನ್ನಿಗೆ ಒಂದು ಬಿಟ್ಟಿದ್ದಳು. "ಎಣಿಸ್ತೀಯೇನೇ ಮುಂಡೆ? ಚಿರ್ತೆಗೆ ಕೇಳಿಸ್ಲಿ ಅಂತಲಾ?" ಅವರ ಕಡೆ ಕುರಿ ಇಟ್ಟವರು ಯಾರೂ ಎಣಿಸುವುದಿಲ್ಲ. ಸಂಜೆ ಕುರಿ ಒಳಗೆ ಬರುವಾಗ ಮುಖ ನೋಡುತ್ತಾರೆ. ಒಂದು ಬಾರದಿದ್ದರೆ ಯಾವುದು ಬರಲಿಲ್ಲವೆಂದು ತಿಳಿಯುತ್ತದೆ. ಎಷ್ಟಿವೆಯೆಂದು ಹೊರಗಿನವರು ಕೇಳಿದರೆ ಒಂದೇ ಉತ್ತರ.

"ದೀಪಿಕ, ಎಷ್ಟು ಕುರಿ ಅವೆ ಅಂತ ನೀನು ಕೇಳ್ದಾಗ ಜವರಯ್ಯ ಏನಂದ?"

"'ಒಂದಷ್ಟವೆ ಬರ್ಕೊ' ಅಂದ್ರು. ಎಲ್ಲರೂ ಅದನ್ನೇ ಅಂದ್ರು. ಸಂಖ್ಯೆ ಕಾಲಂ ಖಾಲಿ ಬಿಟ್ಟು, ಪಕ್ಕದಲ್ಲಿ ಆ ಮಾತನ್ನೇ ಬರ್ಕೊಂಡೆ. ನೂರಿಪ್ಪತ್ತು ಮನೇಲೂ."

ನಾಗರತ್ನ ವರದಿಯನ್ನು ಅವಳ ಮುಂದೆ ತಿರುಗಿಸಿದಳು.

ದೀಪಿಕ ಓದಿದಳು. ಮತ್ತೆ ಓದಿದಳು. "ಇದು... ಇದನ್ನ ನಾನು ಕೊಟ್ಟಿಲ್ಲ ಮೇಡಂ. ಇದೆಲ್ಲಿಂದ ಬಂತು?"

"ಅದನ್ನ ಯಾರೂ ಕೇಳ್ಬಾರ್ದು ಅಂತಾನೇ ನಿನ್ನ ಪುಸ್ತಕ ಹೋಗಿರೋದು."

ವರದಿ ಬರೆದು ಮುಗಿಸಿದವನಿಗೆ ಆ ಪುಸ್ತಕಗಳು ಇನ್ನು ಬೇಡ. ಸುಳ್ಳು ಬರೆದವನಿಗೆ ಅವು ಇರಲೂಬಾರದು. ಆದರೆ ಸುಳ್ಳು ಬರೆದವನು ಯಾರು? ವರದಿಯ ಮೇಲೆ ಹೆಸರು ಎರಡಿದ್ದವು. ರಾಜೇಂದ್ರ. ಶಶಿಧರ್.

* * *

ಬೀರುವಿನ ಕೆಳಗಿನ ಹಾಳೆ ಬಂಡಲ್ಲನ್ನು ಯಾರೋ ಅವಸರದಲ್ಲಿ ಹರಿದಿದ್ದರು. ಎದುರಿನ ಟೀ ಅಂಗಡಿಯವನು ಹೇಳಿದ: ಭಾನುವಾರ ಹನ್ನೊಂದರ ಹೊತ್ತಿಗೆ ಶಶಿಧರ್ ಸಾರ್ ಒಳಗೆ ಹೋಗಿದ್ರು, ಹೊರಗೆ ಬರುವಾಗ ಬ್ಯಾಗು ಎದೆಗೆ ಅವುಚಿಕೊಂಡಿದ್ರು.

"ಭಾನುವಾರ ಎಲ್ಲಿದ್ರಿ ಸಾರ್?"

"ಊರಲ್ಲಿ. ಬೆಸಗರಹಳ್ಳಿ." ಶಶಿಧರನಿಗೆ ಮೂವತ್ತೈದು ಇರಬಹುದು. ಅತಿಥಿಗಳಿಗೆ ಹಂಚುವ ಬ್ಯಾಗುಗಳನ್ನು ಜೋಡಿಸುತ್ತಿದ್ದವನು ತಲೆ ಎತ್ತಲಿಲ್ಲ.

"ಮಂಡ್ಯದಲ್ಲಿ ಟೀ ಕುಡಿದ್ರಂತೆ. ಸಕ್ಕರೆ ಜಾಸ್ತಿ ಅಂತ ಬೈದ್ರಂತೆ."

ಅವನು ಬ್ಯಾಗು ಕೆಳಗಿಟ್ಟ.

"ಮೇಡಂ, ಸರ್‌ಗೆ ಹೇಳ್ಬೇಡಿ. ಬೇರೆ ಕಾಲೇಜಿಗೆ ಕೆಲಸಕ್ಕೆ ಅರ್ಜಿ ಹಾಕ್ತಿದೀನಿ. ಪ್ರಿಂಟ್ ತಗೊಳ್ಳೋಕೆ ಬಂದಿದ್ದೆ. ಬ್ಯಾಗಲ್ಲಿ ಇದ್ದದ್ದು ನನ್ನ ಅರ್ಜಿ, ನನ್ನ ಮಾರ್ಕ್ಸ್ ಕಾರ್ಡು. ಬೇಕಾದ್ರೆ ನೋಡಿ."

ನೋಡಿದಳು. ಹದಿನಾರು ಪ್ರತಿ. ಪಾಪ, ಹದಿನಾರು ಕಡೆ.

"ಹಾಳೆ ತಗೊಳ್ಳೋಕೆ ಬೀರು ತೆಗೆದ್ರಲ್ಲ. ಪುಸ್ತಕ ಇದ್ವಾ?"

"ಇಲ್ಲ ಮೇಡಂ. ಆಗ್ಲೇ ಖಾಲಿ ಇತ್ತು. ಹೇಳಿದ್ರೆ ನಾನು ಬಂದಿದ್ದೂ ಹೇಳ್ಬೇಕಾಗುತ್ತಲ್ಲ, ಸುಮ್ಮನಾದೆ."

"ಹುಚ್ಚೀರಯ್ಯನ ತಲೆ ಮೇಲೆ ಬಂದಾಗ್ಲೂ ಸುಮ್ಮನಾದ್ರಿ."

ಅವನು ಮತ್ತೆ ಬ್ಯಾಗು ಜೋಡಿಸತೊಡಗಿದ. ಹೇಡಿ, ಕಳ್ಳನಲ್ಲ. ನಾಗರತ್ನಳಿಗೆ ಅವನ ಮೇಲೂ ಸಿಟ್ಟು ಬಂತು.

"ಕೋಷ್ಟಕ ನಾಲ್ಕು ಯಾರು ತುಂಬಿದ್ದು?"

"ಸರ್ ಒಬ್ಬರೇ. ಖಾಲಿ ಕಾಲಂ ಇರೋ ವರದಿ ದುಡ್ಡು ಕೊಡೋ ಯಾವ ಸಂಸ್ಥೆಯೋರೂ ಒಪ್ಪಲ್ಲ ಅಂದ್ರು. ನನ್ನ ಹೆಸರು ಸುಮ್ನೆ ಹಾಕಿದಾರೆ."

ಅವಳು ಹೊರಗೆ ಬಂದು ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಳು. ಐದು ನಿಮಿಷ ಮಾತಾಡಿದಳು. ಎರಡು ಗಂಟೆಯಾಗಿತ್ತು.

* * *

ಹಿಂದಿನ ಜಗುಲಿಯಲ್ಲಿ ಹುಚ್ಚೀರಯ್ಯನ ಪಕ್ಕ ಎತ್ತರದ ಹೆಂಗಸೊಬ್ಬಳು ಕೂತು ಮದ್ದೂರು ವಡೆ ತಿನ್ನುತ್ತಿದ್ದಳು. ಕುತ್ತಿಗೆಯಲ್ಲಿ ಬಣ್ಣಬಣ್ಣದ ಮಣಿಸರ. ಕೀನ್ಯಾದ ಅತಿಥಿ, ಡಾಕ್ಟರ್ ನಸೇರಿಯನ್. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹುಚ್ಚೀರಯ್ಯ ಕಾಲಿನ ಹೆಬ್ಬೆರಳು ತೋರಿಸಿ ದನ ತುಳಿದ ಕತೆ ಹೇಳುತ್ತಿದ್ದ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ನಾಗರತ್ನ ದೀಪಿಕಳನ್ನು ಕರೆದು ಕೇಳಿಸಿದಳು. "ನಿಮ್ಮಪ್ಪನ ಹತ್ರ ಎಷ್ಟು ದನ ಅವೆ ಅಂತ ಕೇಳಮ್ಮ."

ದೀಪಿಕ ಇಂಗ್ಲಿಷಿನಲ್ಲಿ ಕೇಳಿದಳು. ನಸೇರಿಯನಳ ನಗು ನಿಂತಿತು. ಅವಳು ಹೇಳಿದ್ದನ್ನು ದೀಪಿಕ ಕನ್ನಡಕ್ಕೆ ತಂದಳು.

"ಅದನ್ನ ಕೇಳಬಾರದು ಅಂತಾರೆ. ಅವರಪ್ಪ ಯಾವತ್ತೂ ಹೇಳಿಲ್ವಂತೆ. ಅವರ ಕಡೆ ಎಣಿಸಲ್ವಂತೆ, ಬಣ್ಣ ನೋಡಿ, ಕೊಂಬು ನೋಡಿ ಗುರುತಿಡ್ತಾರಂತೆ. ಕೀನ್ಯಾದಿಂದ ಇವರು ಕಳಿಸಿದ ಹಾಳೆಯಲ್ಲೂ ಸಂಖ್ಯೆ ಕಾಲಂ ಖಾಲಿ ಇತ್ತಂತೆ. ಬೆಳಿಗ್ಗೆ ವರದಿ ನೋಡಿದ್ರೆ ಅವರಪ್ಪನ ಹೆಸರಿನ ಮುಂದೇನೂ ಒಂದು ಸಂಖ್ಯೆ ಕೂತಿದೆ. ಸರ್‌ನ ಕೇಳಿದ್ದಕ್ಕೆ, ಅದು ಸಂಖ್ಯಾಶಾಸ್ತ್ರದ ವಿಷಯ, ಆಮೇಲೆ ವಿವರಿಸ್ತೀನಿ ಅಂದ್ರಂತೆ."

ನಸೇರಿಯನ್ ಇನ್ನೂ ಏನೋ ಹೇಳಿದಳು. ಮೆಲ್ಲಗೆ, ಹಲ್ಲು ಕಚ್ಚಿ.

"ನಾಳೆ ಯಾವನೋ ಈ ಪುಸ್ತಕ ತೋರಿಸಿ, ಇಷ್ಟೇ ದನಕ್ಕೆ ಇಷ್ಟು ಹುಲ್ಲುಗಾವಲು ಯಾಕೆ ಅಂತ ಬೇಲಿ ಹಾಕ್ತಾನೆ ಅಂತಾರೆ."

"ನಮ್ಮ ಗೋಮಾಳಕ್ಕೂ ಹಾಕ್ತಾನೆ ಅಂತ ಹೇಳು," ಎಂದಳು ನಾಗರತ್ನ.

* * *

ಮೂರು ಗಂಟೆ. ಸಭಾಂಗಣ ತುಂಬಿತ್ತು. ರಾಜೇಂದ್ರ ಮೈಕಿನ ಮುಂದೆ ನಿಂತಿದ್ದರು. ವೇದಿಕೆಯ ಪಕ್ಕದಲ್ಲಿ ಹುಚ್ಚೀರಯ್ಯ, ಮುಂದೆ ಸ್ಟೂಲಿನ ಮೇಲೆ ಆ ಹಾಳೆ, ಒಂದು ಪೆನ್ನು. ಅವನ ಎರಡು ಕೈಯೂ ಬೆನ್ನ ಹಿಂದಿದ್ದವು.

ಪರದೆಯ ಮೇಲೆ ಒಬ್ಬ ಮುದುಕನ ಚಿತ್ರ ಮೂಡಿತು. ಹೆಗಲ ಮೇಲೆ ಮರಿ.

"ಇವರು ಬಂಡೂರಿನ ಜವರಯ್ಯ. ಸ್ವತಃ ನಾನೇ ಇವರ ಜಗುಲಿಯ ಮೇಲೆ ಕೂತು ಮಾತಾಡಿದ್ದೇನೆ. ಇವರ ಬಳಿ ಮೂವತ್ತೆರಡು ಕುರಿಗಳಿವೆ."

"ಸಾರ್, ಒಂದು ಸಣ್ಣ ಅನುಮಾನ."

ಎಲ್ಲರೂ ತಿರುಗಿದರು. ನಾಗರತ್ನ ಗೋಡೆಯ ಪಕ್ಕದಿಂದ ಮುಂದೆ ಬಂದಳು. ಮೊಬೈಲನ್ನು ಮೈಕಿನ ಹತ್ತಿರ ಹಿಡಿದಳು. ಅತ್ತ ಕಡೆ ರಿಂಗಾಗುತ್ತಿತ್ತು.

"ಯಾರದು?"

"ತಾತ, ನಾನು. ಚಿಕ್ಕನಂಜಮ್ಮನ ಮೊಮ್ಮಗಳು, ನಾಗರತ್ನ."

"ಓ, ಪೋಲೀಸ್ ನಾಗೂ! ಏನವ್ವ, ಯಾರ್ನ ಇಡ್ದೆ ಇವತ್ತು?"

ಸಭೆ ನಕ್ಕಿತು.

"ಇನ್ನೂ ಹಿಡ್ದಿಲ್ಲ ತಾತ. ನಿಮ್ತಾವ ಎಷ್ಟು ಕುರಿ ಅವೆ?"

"ಏನಂದೆ?"

"ಮೂವತ್ತೆರಡು ಅಂತ ಇಲ್ಲಿ ಪುಸ್ತಕ್ದಲ್ಲಿ ಬರ್ದವ್ರೆ. ನೀವೇ ಹೇಳಿದ್ರಂತೆ."

"ಯಾವನ್ಲಾ ಅವ್ನು ಬರ್ದೋನು! ಕಟ್ಕೊಂಡೋಳ್ಗೇ ಏಳಿಲ್ಲ ಕಣವ್ವ ನಾನು, ನಲವತ್ತು ವರ್ಸದಿಂದ! ಆ ಎಣ್ಮಗಿ ಬಂದಿದ್ಲು, ನಮ್ಮ ಉಚ್ಚೀರನ ಜೊತೇಲಿ. ಒಂದಷ್ಟವೆ ಬರ್ಕೊ ಅಂದೆ, ಬರ್ಕೊಂಡ್ಲು. ಸಂಪನ್ನೆ."

"ಕನ್ನಡಕದ ಸಾಹೇಬ್ರು ಒಬ್ರು ಬಂದಿದ್ರಾ ತಾತ?"

"ಯಾವ ಕನ್ನಡ್ಕದೋನೂ ನಮ್ಮಟ್ಟಿ ತುಳ್ದಿಲ್ಲ. ಕುರಿ ಎಣಿಸ್ದೋನ್ನ ಕರ್ಕೊಂಡ್ ಬಾ ಇಲ್ಗೆ, ಮಾಡ್ತೀನಿ!"

ಈಗ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ನಸೇರಿಯನ್ ಎದ್ದು ನಿಂತಳು. ದೀಪಿಕ ಅವಳ ಮಾತನ್ನು ಸಭೆಗೆ ಹೇಳಿದಳು: ಕೀನ್ಯಾದಿಂದ ಬಂದ ಹಾಳೆಯಲ್ಲೂ ಆ ಕಾಲಂ ಖಾಲಿ ಇತ್ತು.

"ಇದು ವಿದ್ವಾಂಸರ ವಿಷಯ," ಎಂದರು ರಾಜೇಂದ್ರ. "ಇದಕ್ಕೂ ಕಳುವಿಗೂ ಏನಮ್ಮ ಸಂಬಂಧ?"

"ಬತ್ತೀನಿ ಸಾರ್, ಅಲ್ಲಿಗೇ ಬತ್ತೀನಿ." ಅವಳು ಸ್ಟೂಲಿನ ಮೇಲಿನ ಹಾಳೆ ಎತ್ತಿಕೊಂಡಳು. "ಇದು ನೀವೇ ಟೈಪ್ ಮಾಡಿದ್ದು. ಬೆಳಿಗ್ಗೆ ನೀವೇ ಹೇಳಿದ್ರಿ."

"ಹೌದು. ಏನೀಗ?"

"ಇದ್ರಲ್ಲಿ 'ಹದಿಮೂರು ಪುಸ್ತಕ' ಅಂತಿದೆ. ಹದಿಮೂರು ಅಂತ ನಿಮಗೆ ಯಾರು ಹೇಳಿದ್ರು?"

"ದೀಪಿಕ."

"ನಾನು 'ಎಲ್ಲಾ ಹೋಗಿವೆ' ಅಂದೆ ಸಾರ್," ಎಂದಳು ದೀಪಿಕ. "ಎಷ್ಟು ಅಂತ ಹೇಳ್ಲಿಲ್ಲ. ನೀವು ಕೇಳ್ಲೂ ಇಲ್ಲ."

"ಹಾಗಾದ್ರೆ ರಿಜಿಸ್ಟರ್ ನೋಡಿರ್ತೀನಿ."

ನಾಗರತ್ನ ಕಂಕುಳಿನಿಂದ ರಿಜಿಸ್ಟರ್ ತೆಗೆದು, ಬಿಚ್ಚಿ, ಅವರ ಮೂಗಿನ ಮುಂದೆ ಹಿಡಿದಳು.

"ಹನ್ನೆರಡು."

ಸಭೆಯಲ್ಲಿ ಯಾರದೋ ಕುರ್ಚಿ ಕಿರುಗುಟ್ಟಿತು.

"ಹದಿಮೂರನೇದನ್ನ ದೀಪಿಕ ಶನಿವಾರ ಸಂಜೆ ಐದೂವರೆಗೆ ಒಬ್ಬಳೇ ಬಂದು ಇಟ್ಟಳು. ಯಾರಿಗೂ ಹೇಳ್ಲಿಲ್ಲ. ಗುಜರಿಗೆ ಕಟ್ಟು ಹೋಗಿದ್ದು ಮಧ್ಯಾಹ್ನ. ಹುಚ್ಚೀರಣ್ಣ ಎರಡೂವರೆ ಬಸ್ಸಿಗೆ ಹೋದೋನು. ಅವನ ಲೆಕ್ಕದಲ್ಲಿ ಇವತ್ತಿಗೂ ಹನ್ನೆರಡೇ. ಭಾನುವಾರ ಹನ್ನೊಂದಕ್ಕೆ ಶಶಿಧರ್ ನೋಡ್ದಾಗ ಬೀರು ಖಾಲಿ. ನಡುವೆ ಬಂದು ತಗೊಂಡೋಗಿ ಎಣಿಸಿದೋನಿಗೆ ಮಾತ್ರ ಹದಿಮೂರು ಅಂತ ಗೊತ್ತು. ನೀವು ಎಣಿಸಿದ್ರಿ ಸಾರ್. ನಿಮಗೆ ಎಣಿಸ್ದೆ ಇರೋಕೆ ಬರಲ್ಲ. ಖಾಲಿ ಬಿಡೋಕೂ ಬರಲ್ಲ. ಜವರಯ್ಯನ ಕುರೀನೂ ಬಿಡ್ಲಿಲ್ಲ, ಕದ್ದ ಪುಸ್ತಕಾನೂ ಬಿಡ್ಲಿಲ್ಲ."

"ಇದು... ಊಹೆ. ಬರೀ ಊಹೆ! ನೀನೊಬ್ಬ ಹೆಡ್ ಕಾನ್‌ಸ್ಟೆಬಲ್!"

"ಹೌದು ಸಾರ್. ನಿಮ್ಮ ಫೀಲ್ಡಿಂದ ಬಂದೋಳು."

ಬಾಗಿಲಲ್ಲಿ ಸಬ್ ಇನ್‌ಸ್ಪೆಕ್ಟರ್ ಟೀ ಅಂಗಡಿಯವನನ್ನೂ ಗುಜರಿ ಸಿದ್ದರಾಜುವನ್ನೂ ಪಂಚರನ್ನಾಗಿ ಕರೆದುಕೊಂಡು ನಿಂತಿದ್ದರು. "ಕಾರಿನ ಕೀ ಕೊಡಿ ಸಾರ್. ಮೊದಲು ಕಾರು, ಆಮೇಲೆ ಮನೆ ನೋಡ್ತೀವಿ," ಎಂದರು.

ಡಿಕ್ಕಿಯಲ್ಲಿ, ಸ್ಟೆಪ್ನಿಯ ಮೇಲೆ ಹಾಸಿದ್ದ ಚಾಪೆಯ ಕೆಳಗೆ, ಅತಿಥಿಗಳಿಗೆ ಹಂಚುವ ಬ್ಯಾಗೊಂದರಲ್ಲಿ ಕೆಂಪು ರಟ್ಟು ಕಂಡಿತು.

ಅಲ್ಲಿಂದ ಮುಂದೆ ಆ ಮನುಷ್ಯನಿಗೆ ಬಹುವಚನ ಹಾಕಲು ನಾಗರತ್ನಳ ಮನಸ್ಸು ಒಪ್ಪಲಿಲ್ಲ.

"ಸುಟ್ಟಾಕ್ಬೋದಿತ್ತಲ್ಲ? ಯಾಕೆ ಇಟ್ಕೊಂಡೆ?"

ರಾಜೇಂದ್ರ ಕನ್ನಡಕ ತೆಗೆದು ಒರೆಸಿದ. ನೆಲ ನೋಡಿದ. "ಒಳ್ಳೇ ಸಾಮಗ್ರಿ ಇತ್ತು ಅದರಲ್ಲಿ," ಎಂದ. "ಮುಂದಿನ ಪುಸ್ತಕಕ್ಕೆ ಬೇಕಾಗ್ತಿತ್ತು."

ನಾಗರತ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾರ ಮೇಲೂ ಕೈ ಮಾಡಿರಲಿಲ್ಲ. ಅವತ್ತೂ ಮಾಡಲಿಲ್ಲ. ಆದರೆ ಪೆನ್ನಿನ ಮುಚ್ಚಳ ಅವಳ ಮುಷ್ಟಿಯಲ್ಲಿ ಬಿರಿದಿತ್ತು.

* * *

ಮಹಜರು ಬರೆಯುವಾಗ ಹುಚ್ಚೀರಯ್ಯ ಪುಸ್ತಕಗಳನ್ನು ಡಿಕ್ಕಿಯಿಂದ ಎತ್ತಿ ಜಗುಲಿಯ ಮೇಲೆ ಜೋಡಿಸುತ್ತಿದ್ದ. ಒಂದೊಂದರ ಧೂಳನ್ನೂ ಹೆಗಲ ಟವೆಲ್ಲಿನಿಂದ ಒರೆಸುತ್ತಿದ್ದ.

"ಎಷ್ಟವೆ ಅಣ್ಣಾ?"

ಅವನು ಅವುಗಳ ಮೇಲೆ ಒಮ್ಮೆ ಕಣ್ಣಾಡಿಸಿದ. "ಎಲ್ಲಾ ಬಂದವೆ ಕಣವ್ವ. ಒಂದಷ್ಟವೆ."

ಬೆಳಿಗ್ಗೆಯಿಂದ ಮೊದಲ ಸಲ ನಾಗರತ್ನ ನಕ್ಕಳು. ತಾನೇ ಎಣಿಸಿ, ಹದಿಮೂರು ಎಂದು ಬರೆದಳು. ಕಾನೂನಿಗೆ ಖಾಲಿ ಬಿಟ್ಟರೆ ಆಗುವುದಿಲ್ಲ.

"ಅವ್ವಾ," ಎಂದ ಹುಚ್ಚೀರಯ್ಯ. "ಆ ಕಾಗ್ದ ಅರ್ದಾಕ್ಬುಡು. ಅದ್ರಲ್ಲಿ ನನ್ನೆಸ್ರು ಅದೆ."

"ಆಗಲ್ಲ ಅಣ್ಣಾ. ಇದೇ ಸಾಕ್ಷಿ. ಕೋರ್ಟಿಗೆ ಹೋಗ್ಬೇಕು."

ಅವನ ಮುಖ ಸಣ್ಣಗಾಯಿತು. ನಾಗರತ್ನ ಹಾಳೆಯನ್ನು ಅವನ ಕೈಗೇ ಕೊಟ್ಟಳು. ಕೊನೆಯ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ನೋಡು. ಇಲ್ಲಿ ಏನಾದ್ರೂ ಇದೆಯಾ?"

ಹುಚ್ಚೀರಯ್ಯ ಹಾಳೆಯನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಏನೂ ಇಲ್ಲ ಕಣವ್ವ," ಎಂದ. "ಖಾಲಿ ಅದೆ."